ಕುರಿ ಇರುವ ಮನೆಗೆ ಹೊಸ ಉಸ್ತುವಾರಿ

ಚಿತ್ರದುರ್ಗದಲ್ಲಿ ಒಂದೇ ಸಾಲಿನಲ್ಲಿ ನಮ್ಮ ನಾಲ್ಕು ಬಾಡಿಗೆ ಮನೆಗಳಿವೆ. ನಾನಿರುವುದು ರಾಮಗಿರಿಯಲ್ಲಿ. ಮಂಡಿ ನೋವು ಹೆಚ್ಚಾದ ಮೇಲೆ ಮನೆಗಳ ಉಸ್ತುವಾರಿಯನ್ನು ಪೇಟೆಯ ಒಂದು ಏಜೆನ್ಸಿಗೆ ವಹಿಸಿದ್ದೆ. ಅವರ ಕೆಲಸವೇನೂ ಕೆಟ್ಟದಾಗಿರಲಿಲ್ಲ. ಆದರೆ ಒಂದು ದಿನ ಫೋನ್ ಮಾಡಿ, ಕೊನೆಯ ಮನೆಯ ಮುದುಕಿ ಕುರಿ ಸಾಕಿದ್ದಾಳೆ, ಅವಳನ್ನು ಖಾಲಿ ಮಾಡಿಸುತ್ತೇವೆ ಎಂದರು. ಅವಳು ನನ್ನ ಮಕ್ಕಳು ಚಿಕ್ಕವರಿದ್ದಾಗಿನಿಂದ ಅಲ್ಲಿದ್ದಾಳೆ. ಮುದುಕಿ ಎಂದರೆ ಅವಳಿಗೆ ಕೋಪ, ಏಕೆಂದರೆ ಅವಳಿಗಿಂತ ನಾನೇ ದೊಡ್ಡವಳು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು ಕುರಿಯಿಲ್ಲದೆ ಇರಲಾರಳು. ಅವಳನ್ನು ಬಿಡಿಸುವ ಬದಲು ನಾನು ಏಜೆನ್ಸಿಯನ್ನೇ ಬಿಡಿಸಿದೆ.

ಇನ್ನೊಂದು ಏಜೆನ್ಸಿಯವನು ಮನೆ ನೋಡಲು ಬಂದ ದಿನ ನಾನೂ ಬಸ್ಸು ಹತ್ತಿ ಹೋದೆ. ನಾಲ್ಕರಲ್ಲಿ ಖಾಲಿ ಇದ್ದ ಒಂದು ಮನೆಯ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿತ್ತು. ಅವನನ್ನು ಮೊದಲು ಕುರಿಯ ಹತ್ತಿರ ಕರೆದುಕೊಂಡು ಹೋದೆ.

“ಇದೂ ಇಲ್ಲೇ ಇರ್ತೈತೆ. ಆಗಲ್ಲ ಅಂದ್ರೆ ಈಗ್ಲೇ ಹೇಳಪ್ಪ,” ಎಂದೆ.

ಅವನು ಕುರಿಯ ಕತ್ತು ಕೆರೆದ. “ಇರ್ಲಿ ಬಿಡಜ್ಜಿ. ಪಕ್ಕದ ಮನೆಯೋರು ವಾಸ್ನೆ ಅಂತಾರೆ, ಹಿತ್ತಲಾಗೆ ಕಟ್ಟಾಣ. ಮರಿ ಹಾಕಿದ್ರೆ ನಮ್ಗೊಂದು ಕೊಡ್ರಿ.”

ಬಾಗಿಲಲ್ಲಿ ನಿಂತಿದ್ದ ಮುದುಕಿ, “ಲೇ, ಮರಿ ಆಮೇಲೆ. ಮೊದ್ಲು ಹಿಕ್ಕೆ ಬಳಿಯಾಕೆ ಬರ್ತೈತಾ ಹೇಳು,” ಎಂದಳು.

ಅವನು ಪ್ಯಾಂಟು ಮಡಚಿ ಪೊರಕೆ ಕೇಳಿದ.

“ಇವ್ನು ಆಗಬೋದು ಬಿಡಕ್ಕ,” ಎಂದು ಅವಳು ಚಹಾ ಕಾಸಲು ಒಳಗೆ ಹೋದಳು. ನಾನು ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಅವನಿಗೆ ಕೊಟ್ಟೆ.