ಶಿವಗಂಗಮ್ಮನ ಹದಿನಾಲ್ಕು ಪಾತ್ರೆ

“ಪಾತ್ರೆಗೆಲ್ಲ ಯಾಕಪ್ಪ ಜಗಳ? ಹೆಸರು ನೋಡಿ ಎತ್ತಿಡಿ, ಮುಗೀತು. ಗಿರಿಜಾಂಬನ ತವರಿಂದ ಬಂದಿದ್ದಕ್ಕೆ ಅವಳ ಹೆಸರಿದೆ. ನಂಗೆ ಅಪ್ಪಯ್ಯ ಮದುವೇಲಿ ಕೊಟ್ಟ ಹದಿನಾಲ್ಕಕ್ಕೂ ನನ್ನ ಹೆಸರಿದೆ. ಹೆಸರು ಕೆತ್ತೋನ್ನ ಜಗಲಿ ಮೇಲೆ ಎರಡು ದಿನ ಕೂರಿಸಿ, ಊಟ ಹಾಕಿ ಕೆತ್ತಿಸಿದ್ರು. ಅವನು ಟಕ್ ಟಕ್ ಅಂತ ಚುಕ್ಕಿ ಹೊಡೀತಿದ್ರೆ ನಾನು ಬಾಗಿಲ ಸಂದೀಲಿ ನಿಂತು ನೋಡೋಳು. ನನ್ನ ಹೆಸರು ಅಷ್ಟುದ್ದ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಹೆಸರಿದ್ದದ್ದು ಅವರವರಿಗೆ. ಹೆಸರಿಲ್ಲದ್ದು ಮನೇದು, ತೂಕಕ್ಕೆ ಹಾಕಿ ಅಣ್ಣತಮ್ಮ ಹಂಚ್ಕೊಳ್ಳಿ. ನಂಗೆ ನಂದು ಬಂದ್ರೆ ಸಾಕು. ತೋಟದಲ್ಲಿ ನಾನೇನೂ ಕೇಳಲ್ಲ.”

ಎರಡು ಸಾವಿರದ ಎರಡನೇ ಇಸವಿಯ ಮಾರ್ಚಿನಲ್ಲಿ, ಮಲ್ಲಂದೂರಿನ ಆಚೆಯ ತೋಟದ ಮನೆಯಲ್ಲಿ ಶಿವಗಂಗಮ್ಮ ಹೀಗೆ ಹೇಳಿದಾಗ ತಮ್ಮಂದಿರಿಬ್ಬರಿಗೂ ಉಸಿರು ಬಂದಂತಾಯಿತು. ಕಾಫಿಯ ಬೆಲೆ ಬಿದ್ದು ಎರಡು ವರ್ಷವಾಗಿತ್ತು. ತೋಟ ಕೊಳ್ಳುವವರು ಮನೆ ಖಾಲಿ ಮಾಡಿಕೊಡಿ ಎಂದಿದ್ದರು. ಓಂಕಾರಮೂರ್ತಿಗೂ ಕಿರಿಯವನಾದ ಶಶಿಕಿರಣನಿಗೂ ಮೂರು ದಿನದಿಂದ ಬೀಟೆ ಮಂಚ, ಗಡಿಯಾರ, ಹಂಡೆ, ಕೊಪ್ಪರಿಗೆ ಎಂದು ಮಾತಿಗೆ ಮಾತು ಬೆಳೆಯುತ್ತಲೇ ಇತ್ತು. ಅಕ್ಕ ಹೇಳಿದ್ದು ನ್ಯಾಯವಾಗಿ ಕಂಡಿತು. ಹಳೇ ಪಾತ್ರೆ ಕೊಳ್ಳುವ ಶೇಷಪ್ಪನಿಗೆ ಹೇಳಿಕಳಿಸಿದರು.

ಶಿವಗಂಗಮ್ಮನ ಮನಸ್ಸಿನಲ್ಲಿ ಬೇರೆಯೇ ಇತ್ತು. ವಸ್ತಾರೆಯ ಪ್ರೇಮಕುಮಾರಿ ಟೀಚರು ತಮ್ಮ ಮನೆಯ ಹಿಂದಿನ ಎರಡು ಕೋಣೆ ಕೊಡುತ್ತೇನೆ, ಐದು ಸಾವಿರ ಅಡ್ವಾನ್ಸ್ ಸಾಕು, ಶಾಲೆಯ ನಾಲ್ಕೈದು ಜನ ನಿಮ್ಮಲ್ಲೇ ಊಟಕ್ಕೆ ಬರುತ್ತೇವೆ ಎಂದಿದ್ದರು. ಹತ್ತು ಪಾತ್ರೆ ಮಾರಿದರೆ ಅಡ್ವಾನ್ಸಿಗಾಯಿತು, ಉಳಿದ ನಾಲ್ಕು ಅಡುಗೆಗಾಯಿತು. ಐವತ್ತಾರನೇ ವಯಸ್ಸಿಗೆ ತನ್ನದೊಂದು ಒಲೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡು, ಹದಿನಾಲ್ಕು ಪಾತ್ರೆಯನ್ನೂ ಗಾಡಿಯಲ್ಲಿ ಹೇರಿಕೊಂಡು ತವರಿಗೆ ಬಂದವಳು ಅವಳು. ಅಟ್ಟದಲ್ಲಿಟ್ಟರೆ ಕಿಲುಬು ಹಿಡಿಯುತ್ತದೆ, ಬಳಸು ಎಂದು ಅವ್ವ ಹೇಳಿದಳು. ಅಂದಿನಿಂದ ಮನೆಯವರ ಅಡುಗೆ, ಬಂದುಹೋಗುವವರ ಅಡುಗೆ, ಕಾಫಿ ಕೊಯ್ಲಿನ ದಿನಗಳ ದೊಡ್ಡ ಅಡುಗೆ, ಎಲ್ಲವೂ ಅವುಗಳಲ್ಲೇ. ಆಮೇಲೆ ಓಂಕಾರಮೂರ್ತಿಯ ಹೆಂಡತಿಯಾಗಿ ಬಂದ ಗಿರಿಜಾಂಬನ ಪಾತ್ರೆಗಳು ಗೋಣಿ ಸುತ್ತಿಸಿಕೊಂಡು ಅಟ್ಟ ಹತ್ತಿದವು. ಇಪ್ಪತ್ತೆಂಟು ವರ್ಷ ಇಳಿಯಲಿಲ್ಲ.

ಶೇಷಪ್ಪ ಬಂದ ದಿನ ಎಲ್ಲವನ್ನೂ ಕಾಫಿ ಒಣಗಿಸುವ ಕಣದಲ್ಲಿ ಹರಡಿದರು. ತೋಟದ ಲೆಕ್ಕ ಬರೆಯುವ ರೈಟರು ಚನ್ನಕೇಶವ ಕನ್ನಡಕ ಏರಿಸಿ, ಒಂದೊಂದರ ಅಂಚು ನೋಡಿ, ಹೆಸರು ಓದಿ ಬರೆದುಕೊಂಡ. ಅಟ್ಟದಿಂದ ಇಳಿದವು ಕರ್ರಗಿದ್ದವು, ಆದರೆ ಗಿರಿಜಾಂಬನ ಹೆಸರು ನಿನ್ನೆ ಕೆತ್ತಿದ ಹಾಗಿತ್ತು. ಆಮೇಲೆ ಅಡುಗೆಮನೆಯ ಹಂಡೆ ಬಂತು. ಚನ್ನಕೇಶವ ತಿರುಗಿಸಿ ನೋಡಿದ, ಬಿಸಿಲಿಗೆ ಓರೆ ಹಿಡಿದ, ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಅಂಚಿಗೆ ತಿಕ್ಕಿದ. ಚುಕ್ಕಿ ಉಳಿದಿದ್ದರೆ ಸುಣ್ಣ ಅದರೊಳಗೆ ನಿಂತು ಬೆಳ್ಳಗೆ ಕಾಣಬೇಕು. ಒರೆಸಿದರೆ ಏನೂ ನಿಲ್ಲಲಿಲ್ಲ. ಇನ್ನೊಂದು ನೋಡಿದ. ಹದಿನಾಲ್ಕೂ ನೋಡಿದ. ಮೂವತ್ತಾರು ವರ್ಷ, ದಿನಕ್ಕೆರಡು ಸಲ, ಬೂದಿ ಹುಣಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ ಪಾತ್ರೆಗಳು.

“ಇಷ್ಟು ಲಕಲಕ ಅನ್ನೋ ಪಾತ್ರೆ ಯಾರ ಮನೇಲೂ ನೋಡಿಲ್ಲ ಬಿಡಿ ಅಮ್ಮಾವ್ರೇ,” ಎಂದ ಶೇಷಪ್ಪ, ತಕ್ಕಡಿ ಸರಿಮಾಡುತ್ತ. “ತೂಕಾನೂ ಒಂದಿಷ್ಟು ತೊಳ್ಕೊಂಡು ಹೋಗಿದೆ.”

ಶಿವಗಂಗಮ್ಮ ಹಂಡೆಯ ಅಂಚಿನ ಮೇಲೆ ಬೆರಳಾಡಿಸಿದಳು, ಸುತ್ತ ಒಂದು ಸಲ, ಮತ್ತೊಂದು ಸಲ. ಆಮೇಲೆ ತಮ್ಮನ ಕಡೆ ತಿರುಗಿದಳು.

“ಇವು ನಂದು ಅಂತ ನಿಂಗೆ ಗೊತ್ತಲ್ಲ ಮೂರ್ತಿ.”

“ಗೊತ್ತಕ್ಕ. ಆದ್ರೆ ಮಾತು ನಿಮ್ಮದೇ. ಇವತ್ತು ಹೆಸರಿಲ್ಲದ್ದು ಬಿಟ್ಟುಕೊಟ್ರೆ ನಾಳೆ ಶಶಿ ಇನ್ನೊಂದು ಕೇಳ್ತಾನೆ. ಹೆಂಗೂ ನಮ್ಮ ಜೊತೇಲೇ ಚಿಕ್ಕಮಗಳೂರಿಗೆ ಬರ್ತೀರಲ್ಲ, ನಿಮಗ್ಯಾಕೆ ಪಾತ್ರೆ?”

ಅದೇ ಪಾತ್ರೆಗಳಲ್ಲಿ ಬೆಂದದ್ದನ್ನು ಉಂಡು ಬೆಳೆದ ಶಶಿಕಿರಣ ಶೇಷಪ್ಪನ ಹತ್ತಿರ ಹಿತ್ತಾಳೆಯ ದರ ವಿಚಾರಿಸತೊಡಗಿದ. ಗಿರಿಜಾಂಬ ಮಾತ್ರ ಹತ್ತಿರ ಬಂದು, ಸಮಾಧಾನ ಮಾಡುವವಳಂತೆ, “ಅಷ್ಟೊಂದು ಉಜ್ಜಿ ಅಂತ ನಾವ್ಯಾರಾದ್ರೂ ಹೇಳಿದ್ವಾ ಅಕ್ಕ?” ಎಂದಳು.

ವಸ್ತಾರೆಯ ಕೋಣೆಯ ವಿಷಯ ಶಿವಗಂಗಮ್ಮನ ಬಾಯಿತುದಿಗೆ ಬಂತು. ಹೇಳಿದರೆ ಬೇಡಿದ ಹಾಗಾಗುತ್ತಿತ್ತು. ಬೇಡಿದರೂ ಅವರು ಕೊಡುವವರಲ್ಲ ಎಂಬುದು ಅವಳಿಗೆ ಆಗಲೇ ತಿಳಿದುಹೋಗಿತ್ತು. ಚನ್ನಕೇಶವ ಹದಿನಾಲ್ಕರ ಮುಂದೂ ‘ಮನೆಯದು’ ಎಂದು ಬರೆದ. ತೂತುಬಿದ್ದ ಬಕೆಟ್ಟು, ಮುರಿದ ದೀಪದ ಕಂಬಗಳ ಜೊತೆಯಲ್ಲೇ ಅವು ಶೇಷಪ್ಪನ ವ್ಯಾನು ಹತ್ತಿದವು. ಮರುದಿನ ಅವಳು ಪ್ರೇಮಕುಮಾರಿ ಟೀಚರಿಗೆ, ಕೋಣೆ ಬೇರೆಯವರಿಗೆ ಕೊಡಿ ಎಂದು ಹೇಳಿಕಳಿಸಿದಳು. ಕಾರಣ ಹೇಳಲಿಲ್ಲ.

ಏಪ್ರಿಲಿನಲ್ಲಿ ಓಂಕಾರಮೂರ್ತಿಯ ಸಂಸಾರ ಚಿಕ್ಕಮಗಳೂರಿನ ಹೊಸ ಮನೆಗೆ ಬಂತು. ಗಿರಿಜಾಂಬನ ಪಾತ್ರೆಗಳಿಗೆ ಅಂಗಡಿಯಲ್ಲಿ ಪಾಲಿಶ್ ಹಾಕಿಸಿ, ಹೆಸರು ಮುಂದೆ ಕಾಣುವ ಹಾಗೆ ಷೋಕೇಸಿನಲ್ಲಿ ಇಟ್ಟರು. ಅಡುಗೆಮನೆಗೆ ಎಲ್ಲವೂ ಸ್ಟೀಲು. ಗೃಹಪ್ರವೇಶಕ್ಕೆ ಬಂದ ನೆಂಟರು ಇನ್ನೂ ಇದ್ದರು. ಊಟ ಒಂದು ಗಂಟೆಗೆ ಆಗಬೇಕು ಎಂದು ಗಿರಿಜಾಂಬ ಹೇಳಿ ಹೋದಳು. ಶಿವಗಂಗಮ್ಮ ಮೊರ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕೂತಳು. ಹನ್ನೊಂದು ಜನರ ಅಕ್ಕಿ ಸುರಿದುಕೊಂಡು, ಒಂದು ಮೂಲೆಯಿಂದ ಕಲ್ಲು ಆರಿಸುತ್ತ ಬಂದಳು.