ರೈಲ್ವೆ ಗೇಟಿನಲ್ಲಿ ಖಾಲಿ ಸೀಟಿಗೆ ಹೇಳಿದ ಮಾತು

ಪುಟ್ಟೀ, ಚಿನ್ನೂ,

ನಿಮ್ಮಿಬ್ಬರಿಗೂ ಶಾಲೆಯಲ್ಲಿ ಬೇರೆ ಹೆಸರಿದೆ. ನನ್ನ ಬಾಯಿಗೆ ಬರುವುದು ಇವೇ. ಮೊನ್ನೆ ಪುಟ್ಟಿ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಕೇಳಿದಳು, "ಅಜ್ಜಿ, ನಾನು ಕಾರಲ್ಲಿ ಇರ್ಲೇ ಇಲ್ಲ. ಯಾಕೆ ನನ್ನ ಹೆಸರು ಕರೆದೆ? ಕ್ಲಾಸಲ್ಲಿ ಎಲ್ರೂ ವಿಡಿಯೋ ನೋಡಿ, ನಿಮ್ಮಜ್ಜಿ ದೆವ್ವದ ಹತ್ರ ಮಾತಾಡ್ತಾರೆ ಅಂತ ನಗ್ತಾವ್ರೆ" ಎಂದು. ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದರೆ ಬಂದೀತು ಎಂದು ಕೂತಿದ್ದೇನೆ.

ನಿಮ್ಮಪ್ಪನ ಜೊತೆ ನಾನು ನೇರವಾಗಿ ಮಾತಾಡಿದ್ದನ್ನು ನೀವು ಕಂಡಿಲ್ಲ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಯಾರನ್ನಾದರೂ ಮುಂದಿಟ್ಟುಕೊಂಡು ಹೇಳಬೇಕಿತ್ತು. ಈಗ ಎಷ್ಟೋ ಮನೆಗಳಲ್ಲಿ ಇದು ಹೋಗಿದೆ. ನಿಮ್ಮಮ್ಮನೂ "ಕಾಲ ಬದಲಾಯ್ತು ಕಣಮ್ಮ" ಎನ್ನುತ್ತಾಳೆ. ಆದರೆ ನಿಮ್ಮ ತಾತ ಹೋದ ಮೇಲೆ ಹಳೇಬೀಡಿನ ಹತ್ತಿರದ ನಮ್ಮೂರು ಬಿಟ್ಟು ಅರಸೀಕೆರೆಗೆ, ಮಗಳ ಮನೆಗೆ ಬಂದವಳು ನಾನು. ಅಳಿಯನ ಅನ್ನ ಉಣ್ಣುವವಳು ಎಂಬ ಸಂಕೋಚವೂ ಸೇರಿಕೊಂಡು ಇದ್ದ ಬಾಯಿಯೂ ಕಟ್ಟಿಹೋಯಿತು. ಅದಕ್ಕೇ ನೀವಿಬ್ಬರೂ ನನಗೆ ಬೇಕಾದಿರಿ. "ಪುಟ್ಟೀ, ನಿಮ್ಮಪ್ಪನಿಗೆ ಕೇಳು, ಇನ್ನೊಂದು ಮುದ್ದೆ ಹಾಕ್ಲಾ?" ಎಂದು ನಾನು. "ಚಿನ್ನೂ, ಅಜ್ಜಿಗೆ ಹೇಳು, ಅರ್ಧ ಸಾಕು" ಎಂದು ಅವರು. ಮುದ್ದೆಯ ಪಾತ್ರೆ ಇಬ್ಬರಿಗೂ ಕೈಗೆಟಕುವಷ್ಟು ಹತ್ತಿರವೇ ಇರುತ್ತಿತ್ತು. ನೀವು ನಡುವೆ ಕೂತು ಅರ್ಧ ಹೇಳಿ, ಅರ್ಧ ನುಂಗಿ ನಗುತ್ತಿದ್ದಿರಿ.

ಮಾತಿಲ್ಲದೆಯೂ ನಮ್ಮಿಬ್ಬರ ನಡುವೆ ಒಂದು ಕೆಲಸ ನಡೆಯುತ್ತಿತ್ತು. ನಿಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಊರಿನ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರು. ಮ್ಯಾನೇಜರು ಅಂದರೆ ಯಾರು ಆಡಬೇಕು ಎಂದು ಹೇಳುವವರೂ ಅವರೇ, ಚೆಂಡಿಗೆ ಗಾಳಿ ಹೊಡೆಸಿಕೊಂಡು ಬರುವವರೂ ಅವರೇ. ಪಂದ್ಯ ಮುಗಿದ ಮೇಲೆ ಬೆವರು ಮಣ್ಣು ಮೆತ್ತಿದ ಜರ್ಸಿಗಳನ್ನು ಮೂಟೆ ಕಟ್ಟಿ ತಂದು ಹಿತ್ತಲಲ್ಲಿ ಇಡುತ್ತಿದ್ದರು. ನಾನು ಒಗೆದು, ತಾರಸಿಯ ಮೇಲೆ ಒಣಗಿಸಿ, ಹರಿದ ತೋಳು ಹೊಲಿದು, ಮಡಿಸಿ ಮೆಟ್ಟಿಲ ಕೆಳಗಿನ ಟ್ರಂಕಿನಲ್ಲಿ ಇಡುತ್ತಿದ್ದೆ. ಒಗೆಯಿರಿ ಎಂದು ಅವರು ಕೇಳಿದವರಲ್ಲ, ಒಗೆಯುತ್ತೇನೆ ಎಂದು ನಾನು ಹೇಳಿದವಳಲ್ಲ. ಮಗಳ ಮನೆಯಲ್ಲಿ ನಾನು ಸುಮ್ಮನೆ ಕೂತು ಉಣ್ಣುವವಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದುದು ಆ ಜರ್ಸಿಗಳನ್ನು ನೋಡಿ. ಆಟ ನನಗೆ ತಿಳಿಯದು. ಯಾವ ನಂಬರಿನವನು ಜಾಸ್ತಿ ಬೀಳುತ್ತಾನೆ ಎಂಬುದು ಮಾತ್ರ ತಿಳಿಯುತ್ತಿತ್ತು.

ಆ ಭಾನುವಾರ ನೀವು ನಿಮ್ಮಮ್ಮನ ಜೊತೆ ಹಗರೆಗೆ ಗೃಹಪ್ರವೇಶಕ್ಕೆ ಹೋಗಿದ್ದಿರಿ. ನಾನು ಹಳೇಬೀಡಿಗೆ ನನ್ನ ತಮ್ಮನ ಮನೆಗೆ ಹೋಗಿದ್ದವಳು, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಷ್ಟರಲ್ಲೇ ನಿಮ್ಮಮ್ಮನ ಫೋನ್ ಬಂತು: "ಅಲ್ಲೇ ಇರಮ್ಮ, ಅವರು ಬತ್ತಾವ್ರೆ. ಮ್ಯಾಚ್‌ಗೆ ಹೊತ್ತಾಗೈತೆ, ಮನೆ ತಂಕ ಬಿಡಕ್ಕಾಗಲ್ವಂತೆ. ಕಾರಲ್ಲೇ ಕೂತಿರು, ಮುಗಿದ ಮೇಲೆ ಕರ್ಕೊಂಡು ಬತ್ತಾರೆ."

ನಿಮ್ಮಪ್ಪ ಬಂದರು. ಚೀಲ ತೆಗೆದುಕೊಂಡರು, ಹಿಂದಿನ ಬಾಗಿಲು ತೆಗೆದರು, ನಾನು ಕೂತ ಮೇಲೆ ಮುಚ್ಚಿದರು. ಗ್ರೌಂಡಿನ ಅಂಚಿಗೆ, ಹೊಂಗೆ ಮರದ ನೆರಳಿಗೆ ಕಾರು ನಿಲ್ಲಿಸಿ, ಮುಂದಿನ ಗಾಜು ಒಂದಿಷ್ಟು ಇಳಿಸಿ, ಓಡಿಹೋದರು.

ಸ್ವಲ್ಪ ಹೊತ್ತಿಗೆ ನೆರಳು ಸರಿಯಿತು. ಇಳಿದು ಮರದ ಕೆಳಗೆ ನಿಲ್ಲೋಣ ಎಂದು ಬಾಗಿಲ ಹಿಡಿ ಎಳೆದೆ, ಬರಲಿಲ್ಲ. ಆ ಕಡೆಯದನ್ನೂ ಎಳೆದೆ. ಅದೂ ಇಲ್ಲ. ಆಮೇಲೆ ನೆನಪಾಯಿತು. ಚಿನ್ನು ಒಂದು ಸಲ ಓಡುವ ಕಾರಿನ ಬಾಗಿಲು ತೆಗೆದ ಮೇಲೆ, ಹಿಂದಿನ ಬಾಗಿಲು ಒಳಗಿನಿಂದ ತೆರೆಯದ ಹಾಗೆ ನಿಮ್ಮಪ್ಪ ಮಾಡಿಬಿಟ್ಟಿದ್ದರು. ನಿಮಗೆ ಹಾಕಿದ ಬೀಗದಲ್ಲಿ ನಾನು ಸಿಕ್ಕಿಕೊಂಡಿದ್ದೆ. ಗಾಜಿನ ಗುಂಡಿ ಒತ್ತಿದರೆ ಅಲುಗಲಿಲ್ಲ. ಮುಂದಿನ ಸೀಟಿಗೆ ದಾಟುವ ಮೊಣಕಾಲು ನನ್ನದಲ್ಲ. ನಿಮ್ಮಪ್ಪ ಗ್ರೌಂಡಿನ ಗೆರೆಯ ಪಕ್ಕದಲ್ಲೇ ನಿಂತಿದ್ದರು, ಕೂಗಿದರೆ ಕೇಳುವಷ್ಟು ದೂರ. ಏನೆಂದು ಕೂಗಲಿ? ಅವರನ್ನು ಕರೆಯಲು ನನ್ನಲ್ಲಿ ಒಂದು ಹೆಸರೂ ಇರಲಿಲ್ಲ.

ಹಾಗಾಗಿ ಕೂತೆ. ಮುಂದಿನ ಗಾಜಿನಲ್ಲಿ ಆಟ ಕಾಣುತ್ತಿತ್ತು. ನಾನು ಒಗೆದ ಹಳದಿ ಜರ್ಸಿಗಳು ಓಡುತ್ತಿದ್ದವು, ಬೇಲೂರಿನವರ ನೀಲಿ ಜರ್ಸಿಗಳು ಅವಕ್ಕಿಂತ ಜೋರಾಗಿ ಓಡುತ್ತಿದ್ದವು. ಒಂದು ಸಲ ಆಟ ನೋಡುತ್ತಿದ್ದ ನಮ್ಮೂರಿನವರೆಲ್ಲ ಹಣೆ ಹಣೆ ಬಡಿದುಕೊಂಡರು. ಆಮೇಲೆ ಇನ್ನೊಂದು ಸಲ. ಅಷ್ಟು ಹೊತ್ತಿಗೆ ಇಬ್ಬರು ಬಂದು ನಮ್ಮ ಕಾರಿನ ಬಾನೆಟ್ಟಿಗೇ ಒರಗಿದರು. ಒಬ್ಬರಿಗೆ ವಯಸ್ಸಾಗಿತ್ತು, ಹೆಗಲ ಮೇಲೆ ಹಸಿರು ಟವೆಲ್. ಇನ್ನೊಬ್ಬ ಹುಡುಗ, ಕೈಯಲ್ಲಿ ಮೊಬೈಲು.

"ಏನ್ಲಾ ಇದು, ಗೋಲ್ ಹಾಕೋನ್ನ ಬೆಂಚಲ್ಲಿ ಕೂರ್ಸವ್ನೆ!" ಎಂದರು ಟವೆಲಿನವರು.

"ಅವ್ನು ವಾರವೆಲ್ಲ ಪ್ರಾಕ್ಟೀಸಿಗೆ ಬರ್ಲಿಲ್ವಂತೆ ಕಣಣ್ಣ. ಬರ್ದೆ ಇದ್ದೋನು ಆಡಂಗಿಲ್ಲ ಅಂತ ಮ್ಯಾನೇಜ್ರು ರೂಲ್ಸು."

"ರೂಲ್ಸಂತೆ! ಮಂಡೀಲಿ ಕೊಬ್ರಿ ಆರಿಸ್ದಂಗೆ ಆರಿಸ್ತಾನೆ ಹುಡುಗ್ರನ್ನ. ಬೇಲೂರೋರ ಮುಂದೆ, ಅದೂ ನಮ್ಮೂರಲ್ಲೇ! ನಮ್ ಭಾವಮೈದ ಬೇಲೂರೋನು. ಈಗ ಫೋನ್ ಮಾಡ್ತಾನೆ ನೋಡು, ಹೆಂಗೈತೆ ಭಾವ ಆರೋಗ್ಯ ಅಂತ."

ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿ ಹಾಗೇ ಜೇಬಿಗೆ ತುರುಕಿದರು. ಹುಡುಗ ನಕ್ಕ. ನನಗೂ ನಗು ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅಲುಗಾಡಿದ್ದು ಕಂಡಿತೇನೋ, ಹುಡುಗ ಬಗ್ಗಿ ನೋಡಿದ.

"ಅಣ್ಣೋ, ಒಳಗೆ ಅಜ್ಜಿ ಐತೆ! ಇದು ಮ್ಯಾನೇಜ್ರು ಕಾರು ಕಣಣ್ಣ."

ಇಬ್ಬರೂ ಎರಡು ಹೆಜ್ಜೆ ಆಚೆ ಸರಿದು ನಿಂತು, ಅದೇ ಬೈಗುಳವನ್ನು ಸಣ್ಣ ದನಿಯಲ್ಲಿ ಮುಂದುವರಿಸಿದರು. ಗಂಟಲು ಒಣಗಿ ಬಾಗಿಲು ತೆಗೆಸಿಕೊಳ್ಳುವ ಆಸೆ ನನಗಿತ್ತು. ಆದರೆ ಅಳಿಯನನ್ನು ಬೈಯುತ್ತಿರುವವರ ಹತ್ತಿರ ಹೇಗೆ ಕೇಳುವುದು?

ಸೋತರು. ನಿಮ್ಮಪ್ಪ ಜರ್ಸಿಯ ಮೂಟೆ ಹಿಡಿದು ಬಂದರು. ಹಿಂದೆ ಒಂದಷ್ಟು ಜನ. ಮೂಟೆಯನ್ನು ಮುಂದಿನ ಸೀಟಿನ ಮೇಲೆ ಹಾಕಿ, ಗಾಜು ಏರಿಸಿ ಹೊರಟರು. ಬೈಕುಗಳೂ ಹೊರಟವು. ನಮ್ಮ ಮನೆ ಇರುವುದು ರೈಲ್ವೆ ಗೇಟಿನ ಆಚೆ. ನಾವು ಅಲ್ಲಿಗೆ ಮುಟ್ಟುವುದಕ್ಕೂ ಗೇಟ್ ಬೀಳುವುದಕ್ಕೂ ಸರಿಹೋಯಿತು. ಮುಂದೆ ಗೇಟು, ಹಿಂದೆ ಸಿಮೆಂಟಿನ ಲಾರಿ, ಎರಡು ಪಕ್ಕಕ್ಕೂ ಬೈಕುಗಳು. ಕಾರು ಒಂದು ಮೊಳವೂ ಆಚೆ ಈಚೆ ಹೋಗುವ ಹಾಗಿರಲಿಲ್ಲ.

ಬೈಕಿನವರು ಮೊದಲು ಬರೀ ನೋಡಿದರು. ಆಮೇಲೆ ಗಾಜು ಬಡಿದರು.

"ಸಾರ್, ಗ್ಲಾಸ್ ಇಳ್ಸಿ. ಓಡೋಗ್ತೀರಾ? ಎಲ್ಲಿಗೆ ಓಡೋಗ್ತೀರ, ಗೇಟ್ ಬಿದ್ದೈತೆ!" ಎಲ್ಲರೂ ನಕ್ಕರು.

ಗೂಡ್ಸು ಬಂತು, ಒಂದಾದ ಮೇಲೆ ಒಂದು ಡಬ್ಬಿ, ಮುಗಿಯುವ ಹಾಗೇ ಇಲ್ಲ. ಅದು ಹೋಯಿತು, ಗೇಟ್ ಮೇಲೇಳಲಿಲ್ಲ. ಆ ಕಡೆಯಿಂದ ಇನ್ನೊಂದು ಬರುವುದಿತ್ತು. ಕಾರಿನೊಳಗೆ ಬೆವರಿನ ವಾಸನೆ, ಅವರೆಕಾಯಿಯ ಸೊಗಡು, ಹೊರಗೆ ಗಾಜಿಗೆ ಅಂಟಿಕೊಂಡ ಅಂಗೈಗಳು. ಮೊಬೈಲಿನ ಹುಡುಗ ಮುಂದೆ ಬಂದ. ಅವನ ಹಿಂದೆಯೇ ಹಸಿರು ಟವೆಲಿನವರೂ ಬಂದರು.

"ಸಾರ್, ಜಾಸ್ತಿ ಏನೂ ಬ್ಯಾಡ. ತಂಡ ಬಿಡ್ತೀನಿ ಅಂತ ಒಂದ್ಮಾತು ಹೇಳಿ. ವಿಡಿಯೋ ಮಾಡ್ಕೊತೀನಿ, ಗ್ರೂಪಿಗೆ ಹಾಕ್ಬೇಕು. ಹೇಳುದ್ರೆ ನಮ್ ಪಾಡಿಗೆ ನಾವು ಹೋಯ್ತೀವಿ."

ನಿಮ್ಮಪ್ಪ ಗಾಜು ಇಳಿಸಿದರು. ಅವರ ಕತ್ತು ಮಾತ್ರ ನನಗೆ ಕಾಣುತ್ತಿತ್ತು, ಬೆವರಿಗೆ ಕಾಲರ್ ಅಂಟಿಕೊಂಡಿತ್ತು. ಬಿಡುತ್ತೇನೆ ಎನ್ನುತ್ತಾರೆ ಎಂದು ಆ ಕತ್ತು ನೋಡಿಯೇ ಗೊತ್ತಾಯಿತು. ಹಾಗೆ ಬಗ್ಗಿದ ಕತ್ತು ನನಗೆ ಹೊಸದಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಡುಮನೆ ತುಂಬ ದೊಡ್ಡವರು ಕೂತು, "ಏನವ್ವ, ಇಷ್ಟು ಓದಿದ್ದು ಸಾಕಲ್ವಾ?" ಎಂದು ಕೇಳಿದ್ದರು. ಬಾಗಿಲ ತುಂಬ ಜನ ನಿಂತಿದ್ದರು. ಅವರು ಜಾಗ ಬಿಟ್ಟರೆ ಸಾಕು ಎನಿಸಿ ಹೂಂ ಅಂದೆ. ಮಾರನೆಯ ದಿನದಿಂದ ಶಾಲೆಯಿಲ್ಲ. ಜನ ಅವತ್ತು ಸಂಜೆಯೇ ಎದ್ದು ಹೋದರು, ಹೂಂ ಅಂದದ್ದು ಮಾತ್ರ ಉಳಿಯಿತು.

"ನಾನು..." ಎಂದರು ನಿಮ್ಮಪ್ಪ, ಮೊಬೈಲಿನ ಕಡೆ ನೋಡಿ.

ನನ್ನ ಪಕ್ಕದಲ್ಲಿ ಪುಟ್ಟಿ ಕೂರುವ ಜಾಗ ಇತ್ತು. ಅಲ್ಲಿ ಅವರೆಕಾಯಿ ಚೀಲ. ನಾನು ಆ ಜಾಗದ ಕಡೆ ತಿರುಗಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಪುಟ್ಟೀ, ನಿಮ್ಮಪ್ಪನಿಗೆ ಹೇಳು. ಗೇಟ್ ಬಿದ್ದಿರೋವಾಗ ಯಾರಿಗೂ ಮಾತು ಕೊಡೋದು ಬ್ಯಾಡ ಅಂತ ಹೇಳು. ಮೊದ್ಲು ದಾರಿ ಆಗ್ಲಿ. ಆಮೇಲೂ ಬಿಡಬೇಕು ಅನ್ಸುದ್ರೆ ಬಿಡ್ಲಿ."

ಮೊಬೈಲು ನನ್ನ ಕಡೆ ತಿರುಗಿತು. ಹುಡುಗ ಸೀಟು ನೋಡಿದ, ಚೀಲ ನೋಡಿದ.

"ಯಾವ ಪುಟ್ಟಿ? ಯಾರೂ ಇಲ್ವಲ್ಲ ಅಜ್ಜಿ. ಅಣ್ಣ, ಅಜ್ಜಿಗೆ ಏನೋ ಆಗೈತೆ."

"ಸುಮ್ಕಿರ್ಲಾ" ಎಂದರು ಹಸಿರು ಟವೆಲಿನವರು. "ಅಳಿಯನ್ನ ಕೂಡೆ ಮಾತಾಡ್ತಾವ್ರೆ ಕಣ್ಲಾ. ನಿಮ್ಮಜ್ಜಿ ಮಾತಾಡ್ತಿರ್ಲಿಲ್ವಾ ಹಿಂಗೆ? ಇಳ್ಸು ಅದನ್ನ." ಹುಡುಗನ ಕೈಯನ್ನು ಹಿಡಿದು ಕೆಳಗೆ ಮಾಡಿದರು. ಆಮೇಲೆ ತಾವೂ ಮುಖ ಆಚೆ ತಿರುಗಿಸಿದರು, ಯಾರದೋ ಮನೆಯ ನಡುಮನೆಗೆ ಕೇಳದೆ ಕಾಲಿಟ್ಟವರ ಹಾಗೆ.

ನಿಮ್ಮಪ್ಪ ಎದುರಿನ ಕನ್ನಡಿ ನೋಡಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ಜರ್ಸಿಯ ಮೂಟೆಯ ಕಡೆ ನೋಡಿ ಹೇಳಿದರು, "ಪುಟ್ಟೀ, ಅಜ್ಜಿಗೆ ಹೇಳು. ಆಯ್ತು ಅಂತ."

ಆಮೇಲೆ, "ಬಾಯಾರಿದ್ಯೇನೋ ಕೇಳು" ಎಂದರು. ನೀರಿನ ಬಾಟಲಿ ಸೀಟಿನ ಸಂದಿಯಿಂದ ಹಿಂದಕ್ಕೆ ಬಂತು.

ಟವೆಲಿನವರ ಕೋಪ ಇಳಿದಿರಲಿಲ್ಲ. "ಸಾರ್, ನಾಳೆ ಗ್ರೌಂಡಿಗೆ ಬತ್ತೀವಿ. ಅಲ್ಲೇ ಕೇಳ್ತೀವಿ. ಬಿಟ್ಬುಟ್ರು ಅಂತ ತಿಳ್ಕೋಬ್ಯಾಡಿ" ಎಂದರು, ಮುಖ ಆ ಕಡೆಗೇ ಇಟ್ಟುಕೊಂಡು. ಎರಡನೆಯ ರೈಲು ಬಂತು, ಹೋಯಿತು. ಗೇಟ್ ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಒತ್ತಿ ಎಲ್ಲರನ್ನೂ ಚದುರಿಸಿದ. ಮನೆಯ ಮುಂದೆ ನಿಮ್ಮಪ್ಪ ಇಳಿದು ಬಾಗಿಲು ತೆಗೆಯುವವರೆಗೆ ನಾನು ಒಳಗೇ ಇದ್ದೆ.

ಮಾರನೆಯ ದಿನ ಅವರು ಗ್ರೌಂಡಿಗೆ ಹೋದರು. ಅಲ್ಲಿ ಏನೇನು ಅಂದರೋ ನನಗೆ ತಿಳಿಯದು. ರಾತ್ರಿಯಿಡೀ ಕಾರಿನಲ್ಲೇ ಇದ್ದ ಜರ್ಸಿ ಮೂಟೆ ಸಂಜೆ ಹಿತ್ತಲಿಗೆ ಬಂದಿತ್ತು, ತಂಡ ಬಿಟ್ಟಿಲ್ಲ ಎಂದು ನಾನು ತಿಳಿದದ್ದು ಹಾಗೆ. ಬೇಲೂರಿಗೇ ಹೋಗಿ ಆಡಿದಾಗ ಮತ್ತೆ ಸೋತರು. ಮತ್ತೆ ಬೈದರು. ಮುಂದಿನ ಭಾನುವಾರ ಇಲ್ಲೇ ಇನ್ನೊಂದು ಪಂದ್ಯ ಇದೆ, ಸೋತರೆ ಮತ್ತೆ ಗೇಟಿನ ಹತ್ತಿರ ಕಾಯುತ್ತಾರೇನೋ. ನಾನೂ ನಿಮ್ಮಪ್ಪನೂ ಒಬ್ಬರಿಗೊಬ್ಬರು ಆ ದಿನದ ಬಗ್ಗೆ ಏನೂ ಹೇಳಿಲ್ಲ. ಹೇಳಬೇಕೆಂದರೆ ನಿಮ್ಮ ಮೂಲಕವೇ ಹೇಳಬೇಕು, ಇದನ್ನು ನಿಮ್ಮ ಕೈಯಲ್ಲಿ ಹೇಗೆ ಹೇಳಿ ಕಳಿಸುವುದು? ಈಗೀಗ ಪುಟ್ಟಿ ಊಟದ ಹೊತ್ತಿನಲ್ಲಿ "ನೀವೇ ಮಾತಾಡ್ಕೊಳ್ಳಿ, ನಂಗೆ ಓದೋದಿದೆ" ಎಂದು ಎದ್ದುಹೋಗುತ್ತಾಳೆ. ಚಿನ್ನುವಿನ ಕಿವಿಯಲ್ಲಿ ಯಾವಾಗಲೂ ಹಾಡು. ನಾವಿಬ್ಬರೂ ತಟ್ಟೆ ನೋಡಿಕೊಂಡು ಕೂತಿರುತ್ತೇವೆ.

ಗೇಟಿನ ಹತ್ತಿರ ಹುಡುಗ ಹಿಡಿದ ವಿಡಿಯೋ ಅವತ್ತೇ ಗ್ರೂಪಿಗೆ ಹೋಗಿತ್ತು. ಅದರಲ್ಲಿ ನಿಮ್ಮಪ್ಪನ ಉತ್ತರ ಇಲ್ಲ. ಖಾಲಿ ಸೀಟಿಗೆ ಮಾತಾಡುವ ನಾನು ಮಾತ್ರ ಇದ್ದೇನೆ. ಯಾರು ಯಾವಾಗ ಒತ್ತಿದರೂ ನಾನು ಮತ್ತೆ ಆ ಹಿಂದಿನ ಸೀಟಿನಲ್ಲಿ, ತೆರೆಯದ ಬಾಗಿಲ ಪಕ್ಕದಲ್ಲಿ ಕೂತಿರುತ್ತೇನೆ. ಅಲ್ಲಿಂದ ನನ್ನನ್ನು ಇಳಿಸುವವರು ಯಾರೂ ಇಲ್ಲ.

ಪುಟ್ಟೀ, ನಿನ್ನ ಪ್ರಶ್ನೆಗೆ ಇದೇ ಉತ್ತರ. ನೀನು ಅಲ್ಲಿ ಇರಲಿಲ್ಲ, ಆದರೂ ನಿನ್ನನ್ನು ಬಿಟ್ಟು ನಿಮ್ಮಪ್ಪನ ಜೊತೆ ಮಾತಾಡಲು ನನಗೆ ಬೇರೆ ದಾರಿ ಇರಲಿಲ್ಲ. ನಿಮ್ಮಪ್ಪ "ಆಯ್ತು" ಎಂದದ್ದು ವಿಡಿಯೋದಲ್ಲಿ ಇಲ್ಲ, ಇಲ್ಲಿ ಇದೆ. ಆ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಇರುವಷ್ಟು ದಿನ ಈ ಹಾಳೆಗಳೂ ನಿಮ್ಮ ಹತ್ತಿರ ಇರಲಿ. ತಾರಸಿಗೆ ಹೋಗುವ ಮೆಟ್ಟಿಲ ಕೆಳಗೆ ಜರ್ಸಿ ಇಡುವ ಟ್ರಂಕಿನಲ್ಲಿ, ಒದ್ದೆ ಬಟ್ಟೆ ತಾಗದ ಹಾಗೆ, ತಳದಲ್ಲಿ ಇಟ್ಟುಕೊಳ್ಳಿ.