ಕೈಮಾತಣ್ಣನ ಎಂಜಿನ್

ರೈಲು ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಕೈಮಾತಣ್ಣ ಎಂದರೆ ಯಾರಿಗೆ ಗೊತ್ತಿಲ್ಲ! ಆ ಹೆಸರು ಹೆತ್ತವರು ಇಟ್ಟದ್ದಲ್ಲ, ಟರ್ಬೈನ್ ಎಂಜಿನ್ ಇಟ್ಟದ್ದು. ವಿಮಾನದಂತೆ ಅರಚುತ್ತಿದ್ದ ಆ ಪ್ರಯೋಗದ ಎಂಜಿನ್ನಿನ ಪಕ್ಕ ಬಾಯಿಬಿಟ್ಟು ಮಾತಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಈ ಫಿಟ್ಟರ್ ಕೈಯಲ್ಲೇ ಒಂದು ಭಾಷೆ ಕಟ್ಟಿದ. ಮುಷ್ಟಿ ತಿರುವಿದರೆ ಬೋಲ್ಟು ಬಿಗಿ, ಮೂಗು ಹಿಡಿದರೆ ಹೊಗೆ, ಹಣೆಯಿಂದ ಅಂಗೈ ಮುಂದಕ್ಕೆ ಚಾಚಿದರೆ ಹೊರಡು.

ಆರು ವರ್ಷದಲ್ಲಿ ಆ ಅರಚಾಟ ಅವನ ಕಿವಿಯನ್ನೇ ನುಂಗಿ ನೀರು ಕುಡಿಯಿತು. ಆ ಗದ್ದಲದಲ್ಲಿ ಎಲ್ಲರೂ ಕಿವುಡರೇ. ಇವನ ಕಿವುಡು ಯಾರ ಕಣ್ಣಿಗೆ ಬೀಳಬೇಕು?

ಎಣ್ಣೆ ವಿಪರೀತ ಕುಡಿಯುತ್ತದೆಂದು ಕೊನೆಗೆ ಟರ್ಬೈನನ್ನು ಕಿತ್ತರು. ಅದೇ ಮೈಯೊಳಗೆ ಟ್ರಾನ್ಸ್‌ಫಾರ್ಮರ್ ಕೂರಿಸಿ, ತಂತಿಯಿಂದ ಕರೆಂಟು ಹೀರುವ ಎಂಜಿನ್ ಮಾಡಿದರು. ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆಯುತ್ತದೆಂದು ಎಲ್ಲರಿಗೂ ಹಿಗ್ಗು. ಕೈಮಾತಣ್ಣನ ಎದೆ ಮಾತ್ರ ಧಸಕ್ಕೆಂದಿತು. ಕಿವಿ ಕೇಳದವನನ್ನು ಹಳಿಯಿಂದ ಎಬ್ಬಿಸಿ ಉಗ್ರಾಣಕ್ಕೆ ನಟ್ಟು ಎಣಿಸಲು ಕಳಿಸುವುದು ಅಲ್ಲಿನ ಕಾಯಿದೆ. ಎರಡು ಸಲ ತನ್ನ ಕೈಯಾರೆ ಕಟ್ಟಿದ ಎಂಜಿನ್ನನ್ನು ಬಿಟ್ಟು ಹೋಗುವುದೆಂದರೆ ಅವನಿಗೆ ಕರುಳು ಕಿತ್ತು ಬರುತ್ತಿತ್ತು.

ಹೊಸ ಎಂಜಿನ್ನಿನ ಓಟದ ಪರೀಕ್ಷೆಯ ಬೆಳಗ್ಗೆ ಹೆಂಡತಿಗೆ ಹೇಳಿದ, "ಇವತ್ತು ಎಲ್ಲ ಬಯಲಾಗುತ್ತೆ ಕಣೇ."

ಅವಳು ಹಣೆಯಿಂದ ಅಂಗೈ ಮುಂದಕ್ಕೆ ಚಾಚಿದಳು.

ಮಂಜಿನಲ್ಲಿ ಎಂಜಿನ್ ನಿದ್ದೆಗಣ್ಣಿನಲ್ಲಿ ನಿಂತಂತಿತ್ತು. ಪಾರಿವಾಳಗಳು ಸದ್ದೇ ಇಲ್ಲದೆ ರೆಕ್ಕೆ ಬಡಿದು ಹಾರಿದವು. ಅವನು ಎಂಜಿನ್ನಿನ ಪಕ್ಕೆಗೆ ಅಂಗೈ ಒತ್ತಿದ. ಒಳಗಿನ ನವಿರಾದ ನಡುಕ ಮೊಣಕೈವರೆಗೂ ಹರಿದು ಬಂತು; ಹಳೆಯ ಟರ್ಬೈನು ಕನಸಿನಲ್ಲಿ ತನ್ನನ್ನೇ ಕರೆಯುತ್ತಿದೆ ಅನ್ನಿಸಿತು. ಆಮೇಲೆ ಡ್ರೈವರನ ತುಟಿಯನ್ನೇ ನೋಡುತ್ತಾ ನಿಂತ. ಪಿಸುಮಾತೂ ಕೇಳಿಸುವಂಥ ನಿಶ್ಶಬ್ದದಲ್ಲಿ ಅವನು ಏನು ಕೇಳುತ್ತಾನೋ, ತಾನು ಏನು ಉತ್ತರ ಕೊಡುವುದೋ.

ಡ್ರೈವರ್ ಕಿಟಕಿಯಿಂದ ಬಗ್ಗಿದ. ಬಾಯಿ ತೆರೆಯಲಿಲ್ಲ. ಮುಷ್ಟಿ ತಿರುವಿದ. ಆಮೇಲೆ ಮೂಗು ಹಿಡಿದ, ಹೊಗೆಯೇ ಇಲ್ಲದ ಎಂಜಿನ್ನಿಗೆ! ಕೈಮಾತಣ್ಣ ತಿರುಗಿ ನೋಡಿದ. ಶೆಡ್ಡಿನವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಇವರಿಗೆಲ್ಲ ಎಂದೋ ಗೊತ್ತಿತ್ತು. ಅವನ ಕಣ್ಣು ತುಂಬಿ ಬಂತು.

ಇದೇನು ಆಟ ಎಂದು ಪರೀಕ್ಷೆ ನೋಡಲು ಬಂದಿದ್ದ ದೊಡ್ಡ ಸಾಹೇಬರು ಶೆಡ್ಡಿನ ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಇವನ ಕಡೆಗೇ ಮುಖಮಾಡಿ, ತುಟಿ ಬಿಡಿಸಿ ಬಿಡಿಸಿ ಹೇಳಿದ, "ಈ ಎಂಜಿನ್ನಿಗೆ ಇದೇ ಭಾಷೆ ಸಾರ್."

ಕೈಮಾತಣ್ಣ ಹಣೆಯಿಂದ ಅಂಗೈ ಚಾಚಿದ. ಎಂಜಿನ್ ಹೊರಟಿತು. ಅದರ ಸದ್ದು ಅವತ್ತು ಯಾರಿಗೂ ಕೇಳಿಸಲಿಲ್ಲ.